ಡಿಸ್ಚಾರ್ಜ್ ಆದ ಮೇಲೂ ಕೈಬಿಡದ ಸೇವೆ: ಮೈಸೂರಿನ ಆಸ್ಪತ್ರೆಯೊಂದರ ಮದ್ಯವ್ಯಸನ ಚಿಕಿತ್ಸೆಯ ಬಗ್ಗೆ

ಮೈಸೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಗಂಡಸರ ಮೆಡಿಸಿನ್ ವಾರ್ಡಿನಲ್ಲಿ ರೋಗಿಯ ಜೊತೆ ರಾತ್ರಿ ಉಳಿದವರಿಗೆ, ಅಲ್ಲಿ ಮಲಗಿರುವವರಲ್ಲಿ ಎಷ್ಟು ಮಂದಿ ಕುಡಿತದ ದೆಸೆಯಿಂದ ಮಂಚ ಹಿಡಿದಿದ್ದಾರೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಕಣ್ಣು ಹಳದಿಯಾದವರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡವರು, ರಕ್ತ ವಾಂತಿ ಮಾಡಿಕೊಂಡವರು, ಮೇದೋಜೀರಕ ಗ್ರಂಥಿ ಊದಿಕೊಂಡು ಹೊಟ್ಟೆ ಹಿಡಿದು ನರಳುವವರು, ಫಿಟ್ಸ್ ಬಂದು ಬಿದ್ದು ತಲೆಗೆ ಹೊಲಿಗೆ ಹಾಕಿಸಿಕೊಂಡವರು ಮಂಡ್ಯ, ಮದ್ದೂರು, ನಂಜನಗೂಡು, ತಿ. ನರಸೀಪುರದ ಕಡೆಯಿಂದೆಲ್ಲ ಬಂದಿರುತ್ತಾರೆ. ಅವರ ಹೊಟ್ಟೆಯ ನೀರು ತೆಗೆಯುತ್ತಾರೆ, ರಕ್ತ ಕೊಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, ಜೀವ ಉಳಿಸುತ್ತಾರೆ. ಹೊರಡುವ ದಿನ ಕೈಗೆ ಬರುವ ಡಿಸ್ಚಾರ್ಜ್ ಪತ್ರದ ಕೊನೆಯಲ್ಲಿ ಮದ್ಯಪಾನ ಬಿಡಬೇಕೆಂಬ ಒಂದು ಸಾಲು ಇರುತ್ತದೆ. ಬಿಡುವುದು ಹೇಗೆ, ಯಾರ ಬಳಿ ಹೋಗಬೇಕು, ಬಿಟ್ಟಾಗ ಮೈ ನಡುಗಿದರೆ ಏನು ಮಾಡಬೇಕು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಆ ಒಂದು ಸಾಲಿನ ಜಾಗದಲ್ಲಿ ಒಂದು ಪೂರ್ಣ ಸೇವೆಯನ್ನು ಕಟ್ಟಲು ಹೊರಟಿರುವ ಆಸ್ಪತ್ರೆಯೊಂದರ ಬಗ್ಗೆ, ರೋಗಿಯ ಮನೆಯವರಾಗಿ ನಾವು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯವರ ಗುರುತು ಹೊರಬೀಳಬಾರದೆಂಬ ಕಾರಣಕ್ಕೆ ಆಸ್ಪತ್ರೆಯ ಹೆಸರನ್ನೂ ಊರಿನ ಹೆಸರನ್ನೂ ಕೊಡುತ್ತಿಲ್ಲ.

ಇಂಥ ಸೇವೆಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರಕ್ಕಾಗಿ ನಡೆದು 2019ರಲ್ಲಿ ಪ್ರಕಟವಾದ ಮಾದಕ ವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಅದಕ್ಕೂ ಮೊದಲು, 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಮದ್ಯದ ಸಮಸ್ಯೆ ಇರುವವರಲ್ಲಿ ಶೇಕಡ 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆಂದು ಕಂಡುಬಂದಿತ್ತು. ಕುಡಿತ ಬಿಡಿಸಿಕೊಳ್ಳಲೆಂದು ತಾನಾಗಿ ಮಾನಸಿಕ ವೈದ್ಯರ ಬಾಗಿಲಿಗೆ ಹೋಗುವವರು ನಮ್ಮ ಹಳ್ಳಿಗಳಲ್ಲಿ ತೀರಾ ಕಡಿಮೆ. ಆದರೆ ಅದೇ ವ್ಯಕ್ತಿ ಒಂದಲ್ಲ ಒಂದು ದಿನ ಕಾಮಾಲೆಗೋ ಗಾಯಕ್ಕೋ ಹೊಟ್ಟೆನೋವಿಗೋ ಆಸ್ಪತ್ರೆಗೆ ಬಂದೇ ಬರುತ್ತಾನೆ. ಮಂಚದ ಮೇಲೆ ಮಲಗಿ, ಸಾವಿನ ಭಯ ಇನ್ನೂ ಮನಸ್ಸಿನಲ್ಲಿರುವಾಗ, ಹೆಂಡತಿ ಮಕ್ಕಳು ಪಕ್ಕದಲ್ಲೇ ಇರುವಾಗ, ಅವನು ಮಾತು ಕೇಳುವ ಸ್ಥಿತಿಯಲ್ಲಿರುತ್ತಾನೆ. ಆ ಕೆಲವೇ ದಿನಗಳಲ್ಲಿ ಅವನನ್ನು ಮುಂದಿನ ಚಿಕಿತ್ಸೆಯ ಕೈಗೆ ಒಪ್ಪಿಸದಿದ್ದರೆ ಅಂಥ ಅವಕಾಶ ಮತ್ತೆ ಸಿಗುವುದು ಮುಂದಿನ ಸಲ ರಕ್ತ ವಾಂತಿಯಾದಾಗಲೇ. ಆದ್ದರಿಂದ ಈ ಸೇವೆಯನ್ನು ನಾನು ವಾರ್ಡಿನ ಸ್ವಚ್ಛತೆಯಿಂದಾಗಲಿ ಕಟ್ಟಡದ ಅಂದದಿಂದಾಗಲಿ ಅಳೆಯಲು ಹೋಗಿಲ್ಲ. ಮನೆಗೆ ಹೋದ ರೋಗಿ ವ್ಯಸನ ಚಿಕಿತ್ಸೆಯ ವೈದ್ಯರ ಎದುರು ಮತ್ತೆ ಬಂದು ಕುಳಿತನೇ ಇಲ್ಲವೇ ಎಂಬುದೊಂದೇ ನನ್ನ ಅಳತೆ.

ರೋಗಿ ನನ್ನ ಸೋದರಮಾವ. ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆಯುವವರು, ಬಹಳ ಕಾಲ ಆಲೆಮನೆ ನಡೆಸಿದವರು. ಕಣ್ಣು ಹಳದಿಯಾಗಿ, ಕಾಲು ಊದಿ, ಹೊಟ್ಟೆ ಬಿಗಿದುಕೊಂಡು ಊಟ ಸೇರದಂತಾದಾಗ ಅವರನ್ನು ಮೈಸೂರಿಗೆ ಕರೆತಂದೆವು. ದಾಖಲಾತಿಯ ಹೊತ್ತಿನಲ್ಲೇ ಈ ಸೇವೆಯ ಮೊದಲ ಗುಣ ಕಣ್ಣಿಗೆ ಬಿತ್ತು. ಸಿಸ್ಟರ್ ಕೇಸ್ ಶೀಟಿನಲ್ಲಿ ಕುಡಿಯುವ ಅಭ್ಯಾಸ ಇದೆ ಅಥವಾ ಇಲ್ಲ ಎಂದು ಒಂದು ಗೀಟು ಹಾಕಿ ಮುಗಿಸಲಿಲ್ಲ. ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಎಂದು ಕೇಳಿ ಗಂಟೆಯ ಸಮೇತ ಬರೆದುಕೊಂಡರು. ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ ಎಂದೂ ಕೇಳಿದರು. ಗ್ಲೂಕೋಸ್ ಬಾಟಲಿ ಏರಿಸುವ ಮುಂಚೆ ಥಯಾಮಿನ್, ಅಂದರೆ ಬಿ1 ವಿಟಮಿನ್ನಿನ ಇಂಜೆಕ್ಷನ್ ಕೊಟ್ಟರು. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ಮೈಯಲ್ಲಿ ಈ ವಿಟಮಿನ್ ಬರಿದಾಗಿರುತ್ತದೆ. ಅಂಥವರಿಗೆ ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಪೆಟ್ಟು ಬಿದ್ದು, ಕಣ್ಣಿನ ಚಲನೆ ತಪ್ಪಿ, ನಡಿಗೆ ತೂರಾಡಿ, ನೆನಪು ಶಾಶ್ವತವಾಗಿ ಹೋಗುವ ಅಪಾಯವಿದೆ. ಕುಡಿದು ಸುಸ್ತಾದವರಿಗೆ ಒಂದು ಗ್ಲೂಕೋಸ್ ಹಾಕಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿರುವುದರಿಂದ ಈ ವಿಷಯವನ್ನು ಬಿಡಿಸಿ ಹೇಳುತ್ತಿದ್ದೇನೆ.

ಕುಡಿದ ಹೊತ್ತನ್ನು ಗಂಟೆಯ ಸಮೇತ ಬರೆದುಕೊಂಡದ್ದರ ಬೆಲೆ ಮುಂದಿನ ದಿನಗಳಲ್ಲಿ ತಿಳಿಯಿತು. ದಿನವೂ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಅರ್ಧ ದಿನದೊಳಗೇ ಕೈ ನಡುಕ, ಬೆವರು, ಎದೆ ಬಡಿತ ಶುರುವಾಗಬಹುದು. ಫಿಟ್ಸ್ ಬರುವುದು ಸಾಮಾನ್ಯವಾಗಿ ಮೊದಲ ಎರಡು ದಿನಗಳಲ್ಲಿ. ಎರಡರಿಂದ ನಾಲ್ಕು ದಿನಗಳ ನಡುವೆ ಕೆಲವರಿಗೆ ಬುದ್ಧಿಭ್ರಮಣೆಯಾಗಿ, ಇಲ್ಲದ್ದು ಕಾಣಿಸಿ, ಪ್ರಾಣಕ್ಕೇ ಅಪಾಯವಾಗಬಹುದು. ಮೂರನೆಯ ರಾತ್ರಿ ಮಾವ ಮಂಚದಿಂದ ಇಳಿಯಲು ಹವಣಿಸಿದರು. ಕೈಗೆ ಚುಚ್ಚಿದ್ದ ಡ್ರಿಪ್ಪಿನ ಕೊಳವೆಯನ್ನು ಹಗ್ಗವೆಂದು ಹಿಡಿದುಕೊಂಡು, ಗಾಣದ ಎತ್ತು ಬಿಚ್ಚಬೇಕು, ಕೊಪ್ಪರಿಗೆಯ ಪಾಕ ಉಕ್ಕುತ್ತಿದೆ, ಬೆಂಕಿ ಕಡಿಮೆ ಮಾಡಿ ಎಂದು ಅತ್ತೆಯನ್ನು ಗದರಿಸತೊಡಗಿದರು. ಅವರ ಆಲೆಮನೆಯಲ್ಲಿ ಎತ್ತಿನ ಗಾಣ ಹೋಗಿ ಮೋಟಾರು ಬಂದು ಎಷ್ಟೋ ಕಾಲವಾಗಿದೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಗಾಬರಿಯಾಗಲಿಲ್ಲ. ಕೈಕಾಲು ಕಟ್ಟಿಹಾಕಿ ಎನ್ನಲೂ ಇಲ್ಲ. ನಡುಕ, ಬೆವರು, ದಿಗಿಲು, ಭ್ರಮೆ ಮುಂತಾದ ಹತ್ತು ಲಕ್ಷಣಗಳಿಗೆ ಅಂಕ ಹಾಕುವ ಹಾಳೆಯೊಂದು ಮಂಚದ ತುದಿಯಲ್ಲಿಯೇ ತೂಗುತ್ತಿತ್ತು. ಅದನ್ನು ತುಂಬಿ ಡಾಕ್ಟರನ್ನು ಕರೆಸಿದರು. ಲಿವರ್ ಕೆಟ್ಟಿರುವವರಿಗೆ ಲಿವರಿನ ಮೇಲೆ ಹೊರೆ ಕಡಿಮೆ ಹಾಕುವ ಔಷಧಿ ಬೇಕೆಂದು ಲೊರಾಜೆಪಾಮ್ ಕೊಟ್ಟರು. ದೀಪ ಆರಿಸದೆ, ಅತ್ತೆಯನ್ನು ಪಕ್ಕದಲ್ಲೇ ಕೂರಿಸಿ, ಇದು ಹುಚ್ಚಲ್ಲ, ಗಾಳಿಯೂ ಅಲ್ಲ, ಕುಡಿತ ನಿಂತದ್ದರಿಂದ ಮಿದುಳಿಗೆ ಆಗಿರುವ ಪೆಟ್ಟು, ಇಳಿಯುತ್ತದೆ ಎಂದು ವಿವರಿಸಿದರು. ಬೆಳಗಾದರೆ ದೇವಸ್ಥಾನಕ್ಕೆ ಕರೆದುಕೊಂಡು ಹೋಗೋಣವೆಂದು ಯೋಚಿಸುತ್ತಿದ್ದ ಅತ್ತೆಗೆ ಆ ಒಂದು ಮಾತು ದೊಡ್ಡ ಧೈರ್ಯ ಕೊಟ್ಟಿತು.

ಬುದ್ಧಿ ತಿಳಿಯಾದ ಮೇಲೆ ಬಂದವರು ಮನಶ್ಶಾಸ್ತ್ರ ವಿಭಾಗದ ಸಮಾಜ ಕಾರ್ಯಕರ್ತರು. ಈ ಸೇವೆಯ ಜೀವಾಳ ಅವರೇ ಎಂದು ನನಗೆ ಅನ್ನಿಸುತ್ತದೆ. ಸ್ಟೂಲು ಎಳೆದುಕೊಂಡು ಮಾವನ ಕಣ್ಣಿನ ಮಟ್ಟಕ್ಕೆ ಕುಳಿತು, ಮೊದಲು ಕಬ್ಬಿನ ಮಾತು ತೆಗೆದರು. ಆಮೇಲೆ, “ಯಜಮಾನ್ರೇ, ದಿನಕ್ಕೆ ಎಷ್ಟು ಪ್ಯಾಕೆಟ್ ಆಯ್ತದೆ? ಬೆಳಿಗ್ಗೆ ಎದ್ದಾಗ್ಲೇ ಬೇಕು ಅನ್ನಿಸ್ತದಾ?” ಎಂದು ಕೇಳಿದರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಕು ಆಯ್ತದೆ. ಆಲೆಮನೆ ಇದ್ದಾಗ ಜಾಸ್ತಿ” ಎಂದರು. ಡಾಕ್ಟರು ಕೇಳಿದಾಗಲೆಲ್ಲ ಒಂದೋ ಎರಡೋ ಎನ್ನುತ್ತಿದ್ದ ಮಾವ ನಿಜ ಹೇಳಿದ್ದು ಅದೇ ಮೊದಲು. 90 ಎಂಎಲ್‌ನ ಒಂದು ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, 10 ಗ್ರಾಮಿಗೆ ಒಂದು ಯೂನಿಟ್ಟಿನಂತೆ ಲೆಕ್ಕ ಹಾಕಿದರೆ ದಿನಕ್ಕೆ 12 ಯೂನಿಟ್ ಲಿವರಿಗೆ ಹೋಗುತ್ತಿದೆ ಎಂದು ಅವರು ಕಾಗದದ ಮೇಲೆ ಬರೆದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ ಅಂಕ ಹಾಕಿದರು. ಒಟ್ಟು 40ರಲ್ಲಿ 8 ಬಂದರೇ ಎಚ್ಚರಿಕೆ ಬೇಕು, 20 ದಾಟಿದರೆ ವ್ಯಸನದ ಬಗ್ಗೆ ಪೂರ್ತಿ ತಪಾಸಣೆ ಬೇಕು. ಮಾವನ ಅಂಕ ಅದಕ್ಕಿಂತ ಬಹಳ ಮೇಲಿತ್ತು. ಬೈಗುಳವಿಲ್ಲ, ಹೆಂಡತಿ ಮಕ್ಕಳ ಗತಿಯೇನು ಎಂಬ ಉಪದೇಶವಿಲ್ಲ. ಬಿಟ್ಟರೆ ನಿಮಗೆ ಏನು ಸಿಗಬೇಕು ಎಂದು ಅವರು ಕೇಳಿದ್ದಕ್ಕೆ, ಮೊಮ್ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡುವುದಕ್ಕೆ ಮಗಳು ಒಪ್ಪಬೇಕು ಎಂದು ಮಾವ ಹೇಳಿದರು. ಅದನ್ನು ಅವರು ಫೈಲಿನಲ್ಲಿ ಬರೆದುಕೊಂಡರು.

ಮುಂದಿನದೇ ಈ ಬರಹದ ಮುಖ್ಯ ವಿಷಯ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಒಂದು ಚೀಟಿ ಬರೆದು, ಡಿಸ್ಚಾರ್ಜ್ ಆದ ಮೇಲೆ ಮಾನಸಿಕ ವಿಭಾಗಕ್ಕೆ ತೋರಿಸಿ ಎಂದು ಕೈಗಿಡುತ್ತಾರೆ. ಆ ಚೀಟಿ ಬಸ್ಸಿನ ಟಿಕೆಟ್ಟುಗಳ ಜೊತೆ ಅಂಗಿಯ ಜೇಬಿನಲ್ಲಿಯೇ ಉಳಿದುಬಿಡುತ್ತದೆ. ಇಲ್ಲಿ ಹಾಗಾಗಲಿಲ್ಲ. ಡಿಸ್ಚಾರ್ಜಿಗೆ ಮುಂಚಿನ ದಿನವೇ ಮಾವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಆ ಸಮಾಜ ಕಾರ್ಯಕರ್ತರೇ ಜೊತೆಗೆ ಬಂದು, ವ್ಯಸನ ಚಿಕಿತ್ಸೆಯ ಹೊರರೋಗಿ ಕೊಠಡಿಗೆ ಕರೆದೊಯ್ದರು. ಮುಂದೆ ತಾವು ನೋಡಬೇಕಾದ ಡಾಕ್ಟರ ಮುಖವನ್ನು ಮಾವ ಆಸ್ಪತ್ರೆ ಬಿಡುವ ಮೊದಲೇ ನೋಡಿದರು. ಎಲ್ಲಿ ಚೀಟಿ ಮಾಡಿಸಬೇಕು, ಯಾವ ಬೆಂಚಿನಲ್ಲಿ ಕಾಯಬೇಕು ಎಂಬುದನ್ನು ಅತ್ತೆ ಕಣ್ಣಾರೆ ಕಂಡುಕೊಂಡರು. ಒಂದು ವಾರದೊಳಗಿನ ದಿನಾಂಕವನ್ನು ಅಲ್ಲಿಯೇ ಗೊತ್ತುಮಾಡಿದರು. ಮಾತ್ರೆಗಳನ್ನು ಆ ದಿನಾಂಕದವರೆಗೆ ಮಾತ್ರ ಕೊಟ್ಟರು. ಮಾತ್ರೆ ಮುಗಿದಂತೆ ಬರಲೇಬೇಕಾಗುತ್ತದೆ ಎಂಬುದೂ ಅದರಲ್ಲಿದ್ದ ಒಂದು ಲೆಕ್ಕ. ಮನೆಗೆ ಹೋದ ಎರಡನೆಯ ದಿನ ಅತ್ತೆಯ ಫೋನಿಗೆ ಕರೆ ಬಂತು. ನಿದ್ದೆ ಬರುತ್ತಿದೆಯೇ, ಹಗಲು ಹೊತ್ತು ಮಂಪರು ಜಾಸ್ತಿಯೇ, ಮನೆಯಲ್ಲಿ ಬಾಟಲಿ ಏನಾದರೂ ಉಳಿದಿದೆಯೇ ಎಂದು ಕೇಳಿ, ದಿನಾಂಕವನ್ನು ಇನ್ನೊಮ್ಮೆ ನೆನಪಿಸಿದರು. ಕಾಗದಕ್ಕೆ ಬದಲು ಒಬ್ಬ ಮನುಷ್ಯ ಜೊತೆಗೆ ನಡೆದು ಬರುವುದು ಎಷ್ಟು ಕಡಿಮೆ ಖರ್ಚಿನ ಕೆಲಸ, ಎಷ್ಟು ದೊಡ್ಡ ಫಲ ಕೊಡುವ ಕೆಲಸ ಎಂಬುದನ್ನು ಬೇರೆ ಆಸ್ಪತ್ರೆಗಳ ಆಡಳಿತದವರು ಗಮನಿಸಬೇಕು.

ಔಷಧಿಯ ವಿಷಯದಲ್ಲೂ ಡಾಕ್ಟರು ಅವಸರ ಮಾಡಲಿಲ್ಲ. ಕುಡಿತ ಬಿಡಿಸಲು ಬಳಸುವ ಮಾತ್ರೆಗಳು ಹಲವಿವೆ ಎಂಬುದೇ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ನಾಲ್‌ಟ್ರೆಕ್ಸೋನ್ ಕುಡಿಯಬೇಕೆಂಬ ಚಪಲವನ್ನೂ ಕುಡಿದಾಗ ಸಿಗುವ ಸುಖವನ್ನೂ ತಗ್ಗಿಸುತ್ತದೆ, ಆದರೆ ಲಿವರ್ ತೀರಾ ಕೆಟ್ಟವರಿಗೆ ಹಿಡಿಸುವುದಿಲ್ಲ. ಅಕಾಂಪ್ರೊಸೇಟ್ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಲಿವರಿಗೆ ತೊಂದರೆಯಿಲ್ಲ, ಆದರೆ ಮೂತ್ರಪಿಂಡ ಚೆನ್ನಾಗಿರಬೇಕು, ದಿನಕ್ಕೆ ಮೂರು ಹೊತ್ತು ನುಂಗಬೇಕು. ಡೈಸಲ್ಫಿರಾಮ್ ತೆಗೆದುಕೊಂಡವರು ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಮಾವನಂಥವರಿಗೆ ಅದು ಸಲ್ಲದು. ರಕ್ತಪರೀಕ್ಷೆಯ ವರದಿಗಳನ್ನೆಲ್ಲ ನೋಡಿ, ಲಿವರ್ ಕಾಯಿಲೆ ಇರುವವರಿಗೆ ಬಳಸುವ ಬ್ಯಾಕ್ಲೋಫೆನ್ ಅನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಮಂಪರು ಹೆಚ್ಚಾದರೆ ತಕ್ಷಣ ತಿಳಿಸಬೇಕೆಂದೂ, ಒಮ್ಮೆಗೇ ನಿಲ್ಲಿಸಬಾರದೆಂದೂ ಅತ್ತೆಯ ಬಾಯಲ್ಲಿಯೇ ಹೇಳಿಸಿದರು.

ಡೈಸಲ್ಫಿರಾಮ್ ವಿಷಯ ಬಂದಾಗ ಅತ್ತೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ಊರಿನಲ್ಲಿ ಯಾರೋ, ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿದರೆ ಕುಡಿತ ತಾನಾಗಿ ನಿಂತುಹೋಗುತ್ತದೆ ಎಂದು ಪುಡಿಯೊಂದನ್ನು ತರಿಸಿಕೊಡುವುದಾಗಿ ಹೇಳಿದ್ದರು. ಇಂಥ ಪುಡಿಗಳ ಜಾಹೀರಾತು ಗೋಡೆಗಳ ಮೇಲೆ, ಬಸ್‌ಸ್ಟ್ಯಾಂಡುಗಳಲ್ಲಿ, ಫೋನಿನಲ್ಲಿ ಎಲ್ಲರಿಗೂ ಕಾಣಸಿಗುತ್ತದೆ. ಡಾಕ್ಟರು ಎಲ್ಲ ಕೆಲಸ ನಿಲ್ಲಿಸಿ ಇದಕ್ಕೆ ಉತ್ತರ ಕೊಟ್ಟರು: ಅಂಥ ಪುಡಿಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು, ಡೈಸಲ್ಫಿರಾಮ್‌ನಂಥದ್ದೇ ಇದ್ದು, ತಿಳಿಯದ ಮನುಷ್ಯ ಅದರ ಮೇಲೆ ಕುಡಿದರೆ ಹೃದಯ ನಿಲ್ಲಬಹುದು, ರೋಗಿಗೆ ತಿಳಿಸದೆ, ಅವನ ಒಪ್ಪಿಗೆಯಿಲ್ಲದೆ ಯಾವ ಔಷಧಿಯನ್ನೂ ಕೊಡಬಾರದು. ಈ ಒಂದು ಮಾತಿಗಾಗಿಯಾದರೂ ಮನೆಯ ಹೆಂಗಸರನ್ನು ಜೊತೆಗೆ ಕರೆದುಕೊಂಡೇ ಆ ಕೊಠಡಿಗೆ ಹೋಗಬೇಕು.

ಮಾವ ಕೊಟ್ಟ ದಿನಾಂಕಕ್ಕೆ ಹೋದರು, ಆಮೇಲೂ ಹೋದರು. ಪ್ರತಿ ಸಲ ಮೈಸೂರಿಗೆ ಬರುವುದು ಕೂಲಿ, ಬಸ್ಸು, ಒಂದು ದಿನದ ಕೆಲಸ ಎಲ್ಲದರ ಲೆಕ್ಕದಲ್ಲಿ ಕಷ್ಟವೆಂದಾಗ, ಅವರನ್ನು ನಮ್ಮ ತಾಲ್ಲೂಕು ಆಸ್ಪತ್ರೆಗೆ ಜೋಡಿಸಿದರು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ವೈದ್ಯರು ಕೂರುವ ಕ್ಲಿನಿಕ್ ಇದೆ ಎಂಬುದು ನಮಗೆ ತಿಳಿದದ್ದೇ ಆಗ. ಮೂರು ತಿಂಗಳಿಗೊಮ್ಮೆ ಲಿವರಿನ ತಪಾಸಣೆಗೆ ಮೈಸೂರು, ಉಳಿದಂತೆ ಮಾತ್ರೆಗೂ ಮಾತಿಗೂ ತಾಲ್ಲೂಕು ಎಂಬ ಏರ್ಪಾಡು ಚೆನ್ನಾಗಿಯೇ ಇತ್ತು. ತೊಡಕು ಎಲ್ಲಿ ಬಂತೆಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು, ಸೇವೆಯ ನಿಜವಾದ ಪರೀಕ್ಷೆ ನಡೆದ ಸಂದರ್ಭವನ್ನು ಹೇಳಬೇಕು. ಮಂಡ್ಯದ ಕಡೆ ಯುಗಾದಿಯ ಮಾರನೆಯ ದಿನದ ಹೊಸತೊಡಕು ಎಂದರೆ ಮಾಂಸದೂಟ, ನೆಂಟರಿಷ್ಟರು, ಜೊತೆಗೆ ಬಾಟಲಿ. ಸಮಾಜ ಕಾರ್ಯಕರ್ತರು ಹಬ್ಬಕ್ಕೆ ಮುಂಚೆಯೇ ಈ ವಿಷಯ ಎತ್ತಿ, ಆ ದಿನ ಮಾವ ಎಲ್ಲಿರಬೇಕು, ಯಾರು ಕರೆದರೆ ಏನು ಹೇಳಬೇಕು, ಊಟ ಯಾರ ಮನೆಯಲ್ಲಿ ಎಂಬುದನ್ನೆಲ್ಲ ಕುಳಿತು ಗೊತ್ತುಮಾಡಿದ್ದರು. ಮಾವ ಮಗಳ ಮನೆಗೆ ಹೋಗಿ ಹೊಸತೊಡಕನ್ನು ಸುಸೂತ್ರವಾಗಿ ಕಳೆದರು. ಆದರೆ ಅದಾದ ಕೆಲವು ವಾರಗಳಿಗೆ, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರದ ಒಂದು ಬೀಗರೂಟದಲ್ಲಿ, ಹಳೆಯ ಗೆಳೆಯರ ಒತ್ತಾಯಕ್ಕೆ ಕುಡಿದುಬಿಟ್ಟರು. ಮಾರನೆಯ ದಿನವೂ ಕುಡಿದರು. ಅತ್ತೆ ಕಾರ್ಡಿನ ಮೇಲಿದ್ದ ನಂಬರಿಗೆ ಫೋನು ಮಾಡಿದಾಗ ಅತ್ತ ಕಡೆಯಿಂದ ಬಂದ ಮೊದಲ ಪ್ರಶ್ನೆ, “ಅಮ್ಮಾ, ರಕ್ತ ವಾಂತಿ ಏನಾದ್ರೂ ಆಯ್ತಾ? ಮಲ ಕಪ್ಪಗೆ ಹೋಗ್ತಿದ್ಯಾ?” ಎಂಬುದು. ಅದಿಲ್ಲವೆಂದ ಮೇಲೆ, ಬೈಯಬೇಡಿ, ನಾಳೆಯೇ ಕರೆದುಕೊಂಡು ಬನ್ನಿ, ಅಪಾಯಿಂಟ್‌ಮೆಂಟ್ ಬೇಕಾಗಿಲ್ಲ ಎಂದರು. ಮಾವ ತಲೆ ತಗ್ಗಿಸಿಕೊಂಡೇ ಹೋದರು. ಅಲ್ಲಿ ಅವರನ್ನು ನಡೆಸಿಕೊಂಡದ್ದು ಸಕ್ಕರೆ ಕಾಯಿಲೆಯವರ ಸಕ್ಕರೆ ಒಮ್ಮೆ ಏರಿದಾಗ ಡಾಕ್ಟರು ನಡೆಸಿಕೊಳ್ಳುವ ಹಾಗೆ: ಏಕೆ ಏರಿತು, ಎಲ್ಲಿ ಏರಿತು, ಮುಂದೆ ಏನು ಬದಲಾಯಿಸೋಣ. ರಕ್ತಪರೀಕ್ಷೆ ಮಾಡಿಸಿ, ಔಷಧಿಯನ್ನು ಸ್ವಲ್ಪ ಹೆಚ್ಚಿಸಿ, ಒಂದು ವಾರ ದಿನ ಬಿಟ್ಟು ದಿನ ಫೋನು ಮಾಡಿದರು. ಕುಡಿತ ಬಿಟ್ಟವರಲ್ಲಿ ಮತ್ತೆ ಕುಡಿಯುವವರು ಬಹಳ ಮಂದಿ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ತಿಳಿದ ವಿಷಯ. ಹಾಗೆ ಕುಡಿದವರಿಗೆ ಬಾಗಿಲು ತೆರೆದಿರುತ್ತದೆಯೇ ಎಂಬುದರಲ್ಲಿ ಒಂದು ಸೇವೆಯ ಯೋಗ್ಯತೆ ಗೊತ್ತಾಗುತ್ತದೆ. ಇಲ್ಲಿ ಬಾಗಿಲು ತೆರೆದಿತ್ತು.

ಇನ್ನು ಕೊರತೆಗಳು. ಮೊದಲನೆಯದು ಮತ್ತು ನಮ್ಮನ್ನು ಹೆಚ್ಚು ಕಾಡಿದ್ದು ಔಷಧಿಯದು. ತಾಲ್ಲೂಕು ಆಸ್ಪತ್ರೆಗೆ ಜೋಡಿಸುವಾಗ ಅಲ್ಲಿನ ಔಷಧ ವಿತರಣಾ ಕೌಂಟರಿನಲ್ಲಿ ಬ್ಯಾಕ್ಲೋಫೆನ್ ಸಿಗುತ್ತದೆಯೇ ಎಂದು ಯಾರೂ ವಿಚಾರಿಸಿರಲಿಲ್ಲ. ಅತ್ತೆ ಹೋದ ಮಂಗಳವಾರ ಅಲ್ಲಿ ಅದು ಇರಲಿಲ್ಲ. ಹೊರಗಿನ ಮೆಡಿಕಲ್ ಸ್ಟೋರಿನಲ್ಲೂ ಆ ಪ್ರಮಾಣದ ಮಾತ್ರೆ ಇರಲಿಲ್ಲ. ಒಮ್ಮೆಗೇ ನಿಲ್ಲಿಸಬಾರದೆಂದು ಒತ್ತಿ ಹೇಳಿದ ಔಷಧಿಯೇ ಹೀಗೆ ಕೈತಪ್ಪಿದರೆ ಹಳ್ಳಿಯ ಹೆಂಗಸು ಏನು ಮಾಡಬೇಕು? ಅತ್ತೆ ಮೈಸೂರಿಗೆ ಫೋನು ಮಾಡಿ, ಮಾರನೆಯ ದಿನ ಮಗನನ್ನು ಕಳಿಸಿ ತರಿಸಿಕೊಂಡರು. ಫೋನು ಮಾಡುವ ಧೈರ್ಯ ಇಲ್ಲದವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ರೋಗಿಯನ್ನು ಕಳಿಸುವ ಮೊದಲು ಒಂದು ಫೋನು ಮಾಡಿ ಔಷಧಿ ಇದೆಯೇ ಎಂದು ಕೇಳುವುದು ಈ ಸೇವೆಯ ನಿಯಮವೇ ಆಗಬೇಕು.

ಎರಡನೆಯದು, ತಾಲ್ಲೂಕಿಗೆ ಕೊಟ್ಟ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ವೈದ್ಯರಿಂದ ವೈದ್ಯರಿಗೆ ಹೋಗುವ ಪತ್ರ ಹಾಗಿದ್ದರೆ ತಪ್ಪಿಲ್ಲ. ಆದರೆ ಯಾವ ಮಾತ್ರೆ ಯಾವ ಹೊತ್ತಿಗೆ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಮುಂದಿನ ದಿನಾಂಕ ಯಾವುದು ಎಂಬಷ್ಟನ್ನಾದರೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮನೆಯವರ ಕೈಗೆ ಕೊಡಬೇಕು. ಅಂಥ ಹಾಳೆಯ ಮಾದರಿಯೊಂದನ್ನು ನಾನೇ ಬರೆದು ಆ ವಿಭಾಗಕ್ಕೆ ಕೊಟ್ಟಿದ್ದೇನೆ. ನೋಡೋಣ ಎಂದಿದ್ದಾರೆ.

ಸೇವೆ ನಡೆಯುವುದು ಕೆಲಸದ ದಿನಗಳ ಕೆಲಸದ ಹೊತ್ತಿನಲ್ಲಿ ಮಾತ್ರ. ಶನಿವಾರ ಸಂಜೆ ದಾಖಲಾಗಿ ಸೋಮವಾರ ಬೆಳಿಗ್ಗೆ ಹೊರಡುವವರನ್ನು ಯಾರೂ ಬಂದು ಮಾತನಾಡಿಸುವುದಿಲ್ಲ. ನಮ್ಮ ಪಕ್ಕದ ಮಂಚದಲ್ಲಿ ಗಾಯಕ್ಕೆ ಬಂದಿದ್ದ ಹುಡುಗನೊಬ್ಬ ಹಾಗೆಯೇ ಹೋದ. ಆ ವಯಸ್ಸಿನಲ್ಲಿ, ಲಿವರ್ ಇನ್ನೂ ಚೆನ್ನಾಗಿರುವಾಗ ಆಡುವ ನಾಲ್ಕು ಮಾತಿಗೆ ಮಾವನ ವಯಸ್ಸಿನಲ್ಲಿ ಆಡುವ ನಾನೂರು ಮಾತಿಗಿಂತ ಹೆಚ್ಚು ಫಲವಿದ್ದೀತು ಎಂದು ನನ್ನ ನಂಬಿಕೆ. ವಾರ್ಡಿನಲ್ಲಿ ಪರದೆಯಿಲ್ಲದೆ ನಡೆಯುವ ಪ್ರಶ್ನೋತ್ತರವೂ ಸರಿಯಲ್ಲ. ಮಾವ ಲೆಕ್ಕ ಹೇಳುವಾಗ ಸುತ್ತಲಿನ ನಾಲ್ಕು ಮಂಚದವರು ಕಿವಿಗೊಟ್ಟು ಕೇಳುತ್ತಿದ್ದರು. ಹೆಂಗಸರ ವಾರ್ಡಿಗೆ ಈ ಸೇವೆ ತಲುಪುತ್ತಿರುವ ಸೂಚನೆ ನನಗೆ ಕಾಣಲಿಲ್ಲ. ಕುಡಿಯುವ ಹೆಂಗಸರ ಸಂಖ್ಯೆ ಕಡಿಮೆಯೇ ಇರಬಹುದು, ಆದರೆ ಅವರು ಮುಚ್ಚಿಟ್ಟುಕೊಳ್ಳುವಷ್ಟು ಗಂಡಸರು ಮುಚ್ಚಿಟ್ಟುಕೊಳ್ಳುವುದಿಲ್ಲ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಲ್ಲಿ ಮದ್ಯದ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ತೊಂದರೆಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಬರುತ್ತವೆ, ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಆದರೂ ಖಾಸಗಿ ಆರೋಗ್ಯ ವಿಮೆಯ ಷರತ್ತುಗಳಲ್ಲಿ ಮದ್ಯವ್ಯಸನದ ಚಿಕಿತ್ಸೆಯನ್ನೂ ಅದರ ಪರಿಣಾಮಗಳನ್ನೂ ಹೊರಗಿಡುವ ಒಂದು ಕಲಮು ಸಾಮಾನ್ಯವಾಗಿ ಇರುತ್ತದೆ. ವಿಮೆ ಸಿಗಲೆಂದು ಕುಡಿತದ ವಿಷಯವನ್ನೇ ಡಾಕ್ಟರಿಗೆ ಮುಚ್ಚಿಡುವವರನ್ನು ನಾನು ಅದೇ ವಾರ್ಡಿನಲ್ಲಿ ನೋಡಿದೆ. ಮುಚ್ಚಿಟ್ಟರೆ ಮೂರನೆಯ ರಾತ್ರಿಯ ಅಪಾಯಕ್ಕೆ ಯಾರೂ ಸಿದ್ಧರಿರುವುದಿಲ್ಲ. ಬಿಪಿಎಲ್ ಕಾರ್ಡು ಇರುವವರು ದಾಖಲಾದ ದಿನವೇ ಆಯುಷ್ಮಾನ್ ಕೌಂಟರಿನಲ್ಲಿ ವಿಚಾರಿಸುವುದು ಒಳ್ಳೆಯದು.

ನಮ್ಮ ಭಾಗದಲ್ಲಿ ಕುಡಿತ ಬಿಡಿಸುವುದೆಂದರೆ ಮೊದಲು ನೆನಪಾಗುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರೂ ಜನಜಾಗೃತಿ ವೇದಿಕೆಯವರೂ ಸೇರಿ ಊರೂರುಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರ. ಅದಕ್ಕೂ ಆಸ್ಪತ್ರೆಯ ಸೇವೆಗೂ ಪೈಪೋಟಿಯಿಲ್ಲ ಎಂದು ಸಮಾಜ ಕಾರ್ಯಕರ್ತರೇ ಹೇಳಿದರು. ಶಿಬಿರದ ದೊಡ್ಡ ಬಲವಿರುವುದು ಅದು ಮುಗಿದ ಮೇಲೂ ಊರಿನಲ್ಲಿ ಉಳಿಯುವ ನವಜೀವನ ಸಮಿತಿಯಲ್ಲಿ. ಬಿಟ್ಟವರು ಬಿಟ್ಟವರ ಜೊತೆ ಕೂರುತ್ತಾರೆ, ಮೈಸೂರಿನ ಆಸ್ಪತ್ರೆ ಅದನ್ನು ಕೊಡಲಾರದು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಸಿಗುವುದೂ ಅದೇ ಬಗೆಯ ಆಸರೆ, ಮೈಸೂರಿನಲ್ಲಿ ಅವೂ ನಡೆಯುತ್ತವೆ. ಆದರೆ ಲಿವರ್ ಕೆಟ್ಟವರು, ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವವರು ಮೊದಲು ಆಸ್ಪತ್ರೆಯಲ್ಲಿ ಮೈಯ ವಿಷ ಇಳಿಸಿಕೊಂಡು ಆಮೇಲೆ ಅಲ್ಲಿಗೆ ಹೋಗುವುದು ಕ್ಷೇಮ. ಮಾವ ಈಗ ಊರಿನ ಸಮಿತಿಯವರ ಜೊತೆಗೂ ಕೂರುತ್ತಾರೆ. ಖಾಸಗಿ ವ್ಯಸನಮುಕ್ತಿ ಕೇಂದ್ರಗಳಿಗೆ ಸೇರಿಸುವವರು, ಆ ಕೇಂದ್ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಡಿ ನೋಂದಣಿಯಾಗಿದೆಯೇ, ಡಾಕ್ಟರು ಬರುತ್ತಾರೆಯೇ, ಮನೆಯವರು ಯಾವಾಗ ಬೇಕಾದರೂ ನೋಡಲು ಬಿಡುತ್ತಾರೆಯೇ ಎಂಬುದನ್ನು ಕೇಳಿಯೇ ಮುಂದುವರಿಯಬೇಕು.

ಮಾವನಂಥವರು ಮನೆಯಲ್ಲಿದ್ದು, ಯಾವುದೇ ಕಾಯಿಲೆಗೆ ಮೈಸೂರಿನಲ್ಲೋ ಮಂಡ್ಯದಲ್ಲೋ ದಾಖಲಾಗಿದ್ದರೆ, ಡಿಸ್ಚಾರ್ಜಿನ ಹಿಂದಿನ ದಿನ ವಾರ್ಡಿನ ಡಾಕ್ಟರನ್ನು ಹೀಗೆ ಕೇಳಿ: ಮಾನಸಿಕ ವಿಭಾಗದವರು ಇವರನ್ನು ಇಲ್ಲಿಯೇ ಬಂದು ನೋಡಬಹುದೇ? ಕುಡಿತ ಬಿಡಲು ಮಾತ್ರೆ ಇಲ್ಲಿಂದಲೇ ಶುರುಮಾಡಬಹುದೇ? ಮುಂದಿನ ದಿನಾಂಕವನ್ನು ಈಗಲೇ ಬರೆದುಕೊಡುತ್ತೀರಾ? ಕೇಳಿದರೆ ಬಹಳ ಕಡೆ ವ್ಯವಸ್ಥೆ ಮಾಡುತ್ತಾರೆ. ಕೇಳದಿದ್ದರೆ ಡಿಸ್ಚಾರ್ಜ್ ಪತ್ರದ ಕೊನೆಯ ಸಾಲಿಗೇ ಮುಗಿಯುತ್ತದೆ. ಇನ್ನೂ ಆಸ್ಪತ್ರೆಯ ತನಕ ಬಾರದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ದಿನವೂ ಹೆಚ್ಚು ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಗೇ ನಿಲ್ಲಿಸಲು ಹೋಗಬೇಡಿ. ನಡುಕ, ಬೆವರು, ತಡಬಡಿಸುವ ಮಾತು ಶುರುವಾದರೆ 108ಕ್ಕೆ ಕರೆ ಮಾಡಿ, ಕೊನೆಯ ಸಲ ಎಷ್ಟು ಹೊತ್ತಿಗೆ ಕುಡಿದರೆಂಬುದನ್ನು ಒಂದು ಕಾಗದದ ಮೇಲೆ ಬರೆದು ಜೊತೆಗೆ ತೆಗೆದುಕೊಂಡು ಹೋಗಿ.